ಮಿದುಳಿನ ಗಾಯಕ್ಕೆ ಪರಿಹಾರ: ಒಂದು ಅರ್ಜಿಯನ್ನು ನಾನು ನಡೆಸಿದ ಬಗೆ

ತುಮಕೂರಿನ ನ್ಯಾಯಾಲಯದಲ್ಲಿ ಮೋಟಾರು ಅಪಘಾತ ಪರಿಹಾರದ ಅರ್ಜಿಗಳನ್ನು ನಡೆಸುವ ನಮ್ಮಂಥ ವಕೀಲರಿಗೆ ಕಾಲು ಮುರಿದವರ ಪ್ರಕರಣ ಅಷ್ಟೇನೂ ಕಷ್ಟವಲ್ಲ. ಎಕ್ಸ್‌ರೇ ಇರುತ್ತದೆ, ಒಳಗೆ ಹಾಕಿದ ರಾಡು ಇರುತ್ತದೆ, ಕಕ್ಷಿದಾರರು ಕುಂಟುತ್ತಲೇ ಕಟಕಟೆಗೆ ಬರುತ್ತಾರೆ. ಮಿದುಳಿಗೆ ಪೆಟ್ಟು ಬಿದ್ದವರು ನೆಟ್ಟಗೆ ನಡೆದು ಬರುತ್ತಾರೆ, ಕೇಳಿದರೆ ಹೆಸರು ಹೇಳುತ್ತಾರೆ, ಕೈಮುಗಿಯುತ್ತಾರೆ. ಅವರು ಕಳೆದುಕೊಂಡದ್ದು ನ್ಯಾಯಾಧೀಶರ ಕಣ್ಣಿಗೆ ಬೀಳುವಂತೆ ಮಾಡುವುದೇ ಇಂಥ ಪ್ರಕರಣದ ಮುಕ್ಕಾಲು ಪಾಲು ಕೆಲಸ. ಅಂಥ ಒಂದು ಅರ್ಜಿಯನ್ನು ನಡೆಸಿದ ರೀತಿಯನ್ನು, ಗುರುತು ಹತ್ತುವ ವಿವರಗಳನ್ನು ಬಿಟ್ಟು, ಇಲ್ಲಿ ಬರೆಯುತ್ತಿದ್ದೇನೆ.

ಕಕ್ಷಿದಾರರು ಗುಬ್ಬಿ ತಾಲ್ಲೂಕಿನವರು. ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಮಾಲು ನೋಡಿ, ತೂಕ ಹಾಕಿಸಿ, ಲೆಕ್ಕ ಬರೆಯುತ್ತಿದ್ದರು. ಸಂಜೆ ಬೈಕಿನಲ್ಲಿ ಊರಿಗೆ ಮರಳುವಾಗ ಹಿಂದಿನಿಂದ ಲಾರಿ ಗುದ್ದಿತು. ಲಾರಿ ನಿಲ್ಲಲಿಲ್ಲ, ರಸ್ತೆಬದಿಯ ಟೀ ಅಂಗಡಿಯವರು ನಂಬರು ನೋಡಿಕೊಂಡಿದ್ದರಿಂದ ಪ್ರಕರಣ ಉಳಿಯಿತು. ವಾಹನ ಪತ್ತೆಯಾಗದೆ ಹೋಗಿದ್ದರೆ ಮೋಟಾರು ವಾಹನ ಕಾಯ್ದೆಯ 161ನೇ ಕಲಮಿನ ಪ್ರಕಾರ ತೀವ್ರ ಗಾಯಕ್ಕೆ ಸಿಗುವುದು 50,000 ರೂಪಾಯಿ ಮಾತ್ರ.

ಆಸ್ಪತ್ರೆಗೆ ಸೇರಿಸಿದಾಗ ಅವರ ಗ್ಲಾಸ್ಗೊ ಕೋಮಾ ಅಂಕ 11 ಇತ್ತು. ಕಣ್ಣು ತೆರೆಯುವುದು, ಮಾತು, ಕೈಕಾಲಿನ ಚಲನೆ ಈ ಮೂರನ್ನು ನೋಡಿ ಕೊಡುವ ಅಂಕವಿದು. ಪೂರ್ತಿ ಅಂಕ 15. 13ರಿಂದ 15ರವರೆಗೆ ಸೌಮ್ಯ, 9ರಿಂದ 12 ಮಧ್ಯಮ, 8 ಮತ್ತು ಅದಕ್ಕಿಂತ ಕಡಿಮೆಯಾದರೆ ತೀವ್ರ ಗಾಯವೆಂದು ಎಣಿಸುತ್ತಾರೆ. ಸಿಟಿ ಸ್ಕ್ಯಾನಿನಲ್ಲಿ ಹಣೆಯ ಹಿಂದಿನ ಮಿದುಳಿನ ಭಾಗದಲ್ಲಿ ರಕ್ತ ಕಲೆತ ಜಜ್ಜುಗಾಯ ಕಂಡಿತ್ತು. ಶಸ್ತ್ರಚಿಕಿತ್ಸೆ ಬೇಕಾಗಲಿಲ್ಲ, ಬಿಡುಗಡೆಯ ದಿನ ಅಂಕ 15ಕ್ಕೆ ಏರಿತ್ತು. ಲಾರಿಯ ವಿಮಾ ಕಂಪನಿಯ ವಕೀಲರು ಕೊನೆಯವರೆಗೂ ಹಿಡಿದುಕೊಂಡದ್ದು ಈ 15ನ್ನೇ. ಆದರೆ ಆ ಅಂಕ ಹೇಳುವುದಿಷ್ಟೇ: ರೋಗಿ ಕಣ್ಣು ತೆರೆದಿದ್ದಾನೆ, ತಾನೆಲ್ಲಿದ್ದೇನೆಂದು ಬಲ್ಲ, ಕೈ ಎತ್ತು ಎಂದರೆ ಎತ್ತುತ್ತಾನೆ. ಕ್ವಿಂಟಾಲಿನ ದರ ಕೊಟ್ಟರೆ ಮೂರು ಚೀಲದ ಬೆಲೆ ಕಟ್ಟಬಲ್ಲನೇ ಎಂಬುದನ್ನು ಅದು ಅಳೆಯುವುದಿಲ್ಲ.

ಪ್ರಕರಣ ಕೈಗೆತ್ತಿಕೊಳ್ಳುವ ಮುನ್ನ ಗಾಯದ ಸ್ವರೂಪವನ್ನು ನಾನು ಅರಿಯಬೇಕಿತ್ತು. ತಲೆಬುರುಡೆಯ ತಳದ ಮೂಳೆ ಮುಂಭಾಗದಲ್ಲಿ ಉಬ್ಬುತಗ್ಗಾಗಿರುವುದರಿಂದ ಮಿದುಳು ಒಳಗೇ ತುಯ್ದಾಡಿದಾಗ ಹಣೆಯ ಹಿಂದಿನ ಭಾಗವೂ ಕಿವಿಯ ಮೇಲ್ಬದಿಯ ಭಾಗದ ತುದಿಯೂ ಹೆಚ್ಚಾಗಿ ಜಜ್ಜಿಹೋಗುತ್ತವೆ. ಯೋಜನೆ ಹಾಕುವುದು, ಸಿಟ್ಟು ತಡೆಯುವುದು, ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಮುಗಿಸುವುದು ಹಣೆಯ ಹಿಂದಿನ ಭಾಗದ ಹೊಣೆ; ನೆನಪಿನದು ಹೆಚ್ಚಾಗಿ ಕಿವಿಯ ಬದಿಯ ಭಾಗದ್ದು. ನರತಂತುಗಳು ಅಲ್ಲಲ್ಲಿ ಸೀಳಿಹೋಗುವ ಇನ್ನೊಂದು ಬಗೆಯ ಗಾಯವಿದೆ. ಅದರಲ್ಲಿ ಸಿಟಿ ಸ್ಕ್ಯಾನ್ ಬಹುಮಟ್ಟಿಗೆ ಸರಿಯಾಗಿಯೇ ಕಾಣಬಹುದು, ಎಂಆರ್‌ಐ ಮಾಡಿಸಿದರೆ ಮಾತ್ರ ಗುರುತು ಸಿಗುತ್ತದೆ. ವಾಸನೆಯ ನರದ ಎಳೆಗಳು ಮೂಗಿನ ಮೇಲಿನ ಜರಡಿಯಂಥ ಮೂಳೆಯ ಮೂಲಕ ಹಾದುಹೋಗುತ್ತವೆ, ಪೆಟ್ಟಿನ ರಭಸಕ್ಕೆ ಅವೂ ಹರಿಯುತ್ತವೆ. ಇದನ್ನು ಓದಿಕೊಂಡಿದ್ದರಿಂದಲೇ, ಮೊದಲ ಭೇಟಿಯಲ್ಲಿ ಅವರ ಪತ್ನಿ ‘ಅನ್ನ ಸೀದು ಹೊಗೆ ಬಂದ್ರೂ ಪಕ್ಕದಲ್ಲೇ ಕೂತಿರ್ತಾರೆ ಸಾರ್’ ಎಂದಾಗ ನಾನು ಬರೆದುಕೊಂಡೆ. ಕೊಬ್ಬರಿ ನೋಡುವವರು ಹೋಳನ್ನು ಒಡೆದು ಮೂಗಿಗೆ ಹಿಡಿದು ಬೂಷ್ಟು ಪತ್ತೆ ಮಾಡುತ್ತಾರೆ. ವಾಸನೆ ಹೋದದ್ದು ಬೇರೆಯವರಿಗೆ ಊಟದ ರುಚಿಯ ನಷ್ಟವಾದರೆ ಇವರಿಗೆ ಕಸುಬಿನ ನಷ್ಟ.

ಕಾಗದಪತ್ರಗಳ ವಿಷಯ ಎಲ್ಲ ಅಪಘಾತಗಳಂತೆಯೇ: ಎಫ್‌ಐಆರ್, ಸ್ಥಳ ಮಹಜರು, ನಕ್ಷೆ, ವಾಹನ ತಪಾಸಣಾ ವರದಿ, ದೋಷಾರೋಪಣ ಪಟ್ಟಿ, ಗಾಯದ ಪ್ರಮಾಣಪತ್ರ. ಇವುಗಳಲ್ಲಿ ಗಾಯದ ಪ್ರಮಾಣಪತ್ರವೊಂದನ್ನೇ ನಂಬಿ ಕೂರಬಾರದು. ಅದು ದಾಖಲಾದ ಹೊತ್ತಿನಲ್ಲಿ ಕಂಡದ್ದರ ಬರಹ. ಮಿದುಳಿನ ಗಾಯ ತನ್ನ ನಿಜ ರೂಪ ತೋರಿಸುವುದು ತಿಂಗಳುಗಳ ನಂತರ. ಹಾಗಾಗಿ ಆಸ್ಪತ್ರೆಯ ಪೂರ್ತಿ ಕೇಸ್ ಶೀಟನ್ನು, ದಾದಿಯರು ಬರೆದಿಟ್ಟ ಟಿಪ್ಪಣಿಗಳ ಸಮೇತ, ನ್ಯಾಯಾಲಯದ ಸಮನ್ಸ್ ಮೂಲಕ ತರಿಸಿದೆ. ‘ರೋಗಿ ರಾತ್ರಿಯಿಡೀ ಕೂಗಾಡಿದರು, ಹೆಂಡತಿಯನ್ನು ಗುರುತಿಸಲಿಲ್ಲ’ ಎಂಬ ಸಾಲು ಸಿಕ್ಕಿದ್ದು ಆ ಟಿಪ್ಪಣಿಯಲ್ಲಿ; ಡಿಸ್ಚಾರ್ಜ್ ಸಾರಾಂಶದಲ್ಲಿ ಅದರ ಸುಳಿವೂ ಇರಲಿಲ್ಲ.

ಇಲ್ಲಿ ಕಾನೂನಿಗೂ ವೈದ್ಯಕ್ಕೂ ಕಾಲದ ವಿಷಯದಲ್ಲಿ ಒಂದು ತಿಕ್ಕಾಟವಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ತಿದ್ದುಪಡಿಯ ಪ್ರಕಾರ ಅದೇ ಕಾಯ್ದೆಯ 166ನೇ ಕಲಮಿನ ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಸಲ್ಲಿಸಬೇಕು; ಈ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆಯಾದರೂ ಅದನ್ನು ನೆಚ್ಚಿಕೊಂಡು ಕಾಯುವುದು ಜಾಣತನವಲ್ಲ. ಮಿದುಳಿನ ಚೇತರಿಕೆ ಮೊದಲ ಆರು ತಿಂಗಳಲ್ಲಿ ಚುರುಕಾಗಿದ್ದು, ಆಮೇಲೂ ನಿಧಾನವಾಗಿ ವರ್ಷ, ಎರಡು ವರ್ಷ ನಡೆಯುತ್ತದೆ. ಅವಸರದಲ್ಲಿ ಅಂಗವೈಕಲ್ಯದ ಪ್ರಮಾಣಪತ್ರ ಮಾಡಿಸಿದರೆ ‘ಇನ್ನೂ ಸುಧಾರಿಸುತ್ತಿದ್ದರಲ್ಲ’ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ನಾನು ಅರ್ಜಿಯನ್ನು ಅವಧಿಯೊಳಗೆ ಹಾಕಿ, ಮೌಲ್ಯಮಾಪನವನ್ನು ಚೇತರಿಕೆ ನಿಂತಂತೆ ಕಂಡ ಮೇಲೆ ಮಾಡಿಸಿದೆ. ಅರ್ಜಿಯನ್ನೂ ಅವರ ಹೆಸರಿನಲ್ಲಿ, ಪತ್ನಿಯ ಮೂಲಕ ಸಲ್ಲಿಸಿದೆ. ತನ್ನ ಹಿತವನ್ನು ತಾನೇ ಕಾಯಲಾರದ ವ್ಯಕ್ತಿಯ ಪರವಾಗಿ ಇನ್ನೊಬ್ಬರು ದಾವೆ ನಡೆಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದಲ್ಲಿ ಅವಕಾಶವಿದೆ. ಸಹಿ ಹಾಕಲು ಬರುತ್ತದೆಂದು ಅವರಿಂದಲೇ ವಕಾಲತ್ತಿಗೆ ಸಹಿ ಮಾಡಿಸಿಬಿಟ್ಟರೆ, ಅದೇ ಸಹಿಯನ್ನು ಮುಂದೆ ನಮ್ಮ ವಿರುದ್ಧ ತೋರಿಸುತ್ತಾರೆ.

ಮೌಲ್ಯಮಾಪನಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳುಹಿಸಿದೆ. ಅಲ್ಲಿನ ನರಮನೋವೈಜ್ಞಾನಿಕ ಪರೀಕ್ಷೆಯಲ್ಲಿ ಗಮನ, ನೆನಪು, ಯೋಚನೆಯ ವೇಗ, ಯೋಜನಾಶಕ್ತಿಗಳನ್ನು ಬೇರೆ ಬೇರೆಯಾಗಿ ಅಳೆದು, ಅದೇ ವಯಸ್ಸಿನ, ಅಷ್ಟೇ ಓದಿದ ಆರೋಗ್ಯವಂತರ ಅಂಕಗಳೊಂದಿಗೆ ಹೋಲಿಸುತ್ತಾರೆ. ಸ್ಕ್ಯಾನ್ ಗಾಯದ ಜಾಗವನ್ನು ತೋರಿಸಿದರೆ ಈ ವರದಿ ಗಾಯದ ಪರಿಣಾಮವನ್ನು ತೋರಿಸುತ್ತದೆ. ವರದಿಯನ್ನು ಸುಮ್ಮನೆ ಲಗತ್ತಿಸಿದರೆ ಸಾಲದು, ವೈದ್ಯರೇ ಸಾಕ್ಷಿ ನುಡಿಯಬೇಕು. ದೊಡ್ಡ ಆಸ್ಪತ್ರೆಯ ವೈದ್ಯರಿಗೆ ತುಮಕೂರಿಗೆ ಬರುವಷ್ಟು ಬಿಡುವಿರುವುದಿಲ್ಲವಾದ್ದರಿಂದ ಕೋರ್ಟ್ ಕಮಿಷನರನ್ನು ನೇಮಿಸಿ ಸಾಕ್ಷ್ಯ ದಾಖಲಿಸಲು ಅರ್ಜಿ ಕೊಟ್ಟೆ.

ಆದರೂ ಪ್ರಕರಣದ ಜೀವಾಳ ಪತ್ನಿಯ ಸಾಕ್ಷ್ಯವೇ ಆಗಿತ್ತು. ದಿನದಿನದ ಸಂಗತಿಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಲು ಮೊದಲೇ ಹೇಳಿದ್ದೆ: ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಕೊಟ್ಟದ್ದು, ಮಗಳ ಮೇಲೆ ತಟ್ಟೆ ಎಸೆದದ್ದು, ಪಂಪಿನ ಸ್ವಿಚ್ ಹಾಕಿ ಮರೆತದ್ದು. ‘ಮೊದಲಿನ ಹಾಗಿಲ್ಲ’ ಎಂಬ ಒಂದು ಮಾತಿಗಿಂತ ಇಂಥ ನಾಲ್ಕು ಸಾಲಿಗೆ ತೂಕ ಹೆಚ್ಚು. ಪಾಟೀಸವಾಲಿನಲ್ಲಿ ಎದುರು ವಕೀಲರು, ಗಂಡ ತಮ್ಮೊಂದಿಗೆ ಬಸ್ಸಿನಲ್ಲಿಯೇ ಬಂದರಲ್ಲವೇ ಎಂದು ಕೇಳಿದರು. ಹೌದು ಎಂದರು ಆಕೆ. ಮತ್ತೇನೂ ಕೇಳದೆ ಅವರು ಕುಳಿತರು. ಮರುವಿಚಾರಣೆಯಲ್ಲಿ ನಾನು, ಬಸ್ಸಿನಲ್ಲಿ ಏನಾಯಿತು ಹೇಳಿ ಎಂದಷ್ಟೇ ಕೇಳಿದೆ. ‘ಟಿಕೀಟು ನಾನೇ ತಗಂಡೆ ಸ್ವಾಮಿ. ಸ್ಟಾಪು ಬಂದಾಗೆಲ್ಲ ಇಳಿಯೋ ಜಾಗ ಬಂತು ಅಂತ ಎದ್ದುಬಿಡೋರು. ಕೈ ಹಿಡ್ಕಂಡೇ ಕೂತಿದ್ದೆ’ ಎಂದರು. ನ್ಯಾಯಾಧೀಶರು ಅದನ್ನು ಹಾಗೆಯೇ ಬರೆಸಿಕೊಂಡರು. ಮಂಡಿಯ ಮಾಲೀಕರೂ ಬಂದು, ಅಪಘಾತದ ನಂತರ ಕೆಲಸಕ್ಕೆ ಕೂರಿಸಿ ನೋಡಿದ್ದನ್ನು, ಲೆಕ್ಕ ತಪ್ಪಿ ರೈತರೊಂದಿಗೆ ಜಗಳವಾದದ್ದನ್ನು ಹೇಳಿದರು.

ಕೊನೆಯ ಜಗ್ಗಾಟ ಶೇಕಡಾವಾರು ಲೆಕ್ಕದ್ದು. ಕೈಕಾಲಿನ ವೈಕಲ್ಯವಾದರೆ ಅದರ ಮೂರನೆಯ ಒಂದು ಭಾಗವನ್ನು ಇಡೀ ದೇಹದ ವೈಕಲ್ಯವೆಂದು ಎಣಿಸುವ ರೂಢಿ ನಮ್ಮ ನ್ಯಾಯಮಂಡಳಿಗಳಲ್ಲಿದೆ. ವಿಮಾ ಕಂಪನಿ ಅದೇ ಸೂತ್ರವನ್ನು ಇಲ್ಲಿಗೂ ತಂದಿತು. ಮಿದುಳು ಒಂದು ಅವಯವದ ಲೆಕ್ಕಕ್ಕೆ ಸಿಗುವಂಥದ್ದಲ್ಲ ಎಂದು ನಾನು ವಾದಿಸಿದೆ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ 2010ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದೈಹಿಕ ವೈಕಲ್ಯದ ಪ್ರಮಾಣ ಬೇರೆ, ಗಳಿಕೆಯ ಸಾಮರ್ಥ್ಯದ ನಷ್ಟ ಬೇರೆ ಎಂದು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡ ಚಾಲಕನ ನಷ್ಟ ಬಹುತೇಕ ಪೂರ್ತಿಯಾಗಬಹುದು, ಸರ್ಕಾರಿ ಗುಮಾಸ್ತನದು ಹಾಗಾಗಬೇಕಿಲ್ಲ. ಈ ವ್ಯತ್ಯಾಸದಿಂದ ಮೊತ್ತ ಎಷ್ಟು ಬದಲಾಗುತ್ತದೆಂದು ನೋಡಿ. 34 ವರ್ಷದ, ತಿಂಗಳಿಗೆ 15,000 ರೂಪಾಯಿ ದುಡಿಯುವ ಸ್ವಂತ ಕಸುಬಿನವರಿಗೆ ಭವಿಷ್ಯದ ಏರಿಕೆಗೆಂದು ಶೇ 40 ಸೇರಿಸಿದರೆ 21,000. ವರ್ಷದ ಗಳಿಕೆಯನ್ನು ಎಷ್ಟರಿಂದ ಗುಣಿಸಬೇಕೆಂದು ವಯಸ್ಸಿಗೆ ತಕ್ಕಂತೆ ಹೇಳುವ ಗುಣಕ ಆ ವಯಸ್ಸಿಗೆ 16. ಪೂರ್ತಿ ನಷ್ಟವೆಂದರೆ 40,32,000 ರೂಪಾಯಿ, ಶೇ 30 ಎಂದರೆ 12,09,600. ನೋಡಿಕೊಳ್ಳುವವರ ಖರ್ಚಿಗೂ ಗುಣಕ ಹಚ್ಚಬೇಕೆಂದು, ತಲೆಗೆ ಪೆಟ್ಟಾಗಿದ್ದ ಬಾಲಕಿಯೊಬ್ಬಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು ನಮಗೆ ನೆರವಾಯಿತು. ಹೆಂಡತಿ ಮನೆಯಲ್ಲೇ ಇದ್ದಾಳಲ್ಲ ಎಂಬ ವಾದವನ್ನು ನಾನು ಎಂದೂ ಒಪ್ಪಿಲ್ಲ. ಆಕೆ ಕೂಲಿ ಬಿಟ್ಟು ಕೂತಿದ್ದಾಳೆ.

ನ್ಯಾಯಮಂಡಳಿ ಗಳಿಕೆಯ ನಷ್ಟವನ್ನು ನಾನು ಕೇಳಿದಷ್ಟು ಒಪ್ಪಲಿಲ್ಲ, ವೈದ್ಯರು ಹೇಳಿದ ವೈಕಲ್ಯದ ಪ್ರಮಾಣಕ್ಕಿಂತ ಸಾಕಷ್ಟು ಹೆಚ್ಚಾಗಿಯೇ ಹಿಡಿಯಿತು. ಮೇಲ್ಮನವಿಗೆ 90 ದಿನಗಳ ಅವಕಾಶವಿತ್ತು. ಮನೆಯವರೊಂದಿಗೆ ಮಾತಾಡಿ ನಾವು ಹೋಗಲಿಲ್ಲ, ವಿಮಾ ಕಂಪನಿಯೂ ಹೋಗಲಿಲ್ಲ. ಹಣದ ಹೆಚ್ಚಿನ ಭಾಗವನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿಯಿಟ್ಟು, ಬಡ್ಡಿಯನ್ನು ತಿಂಗಳು ತಿಂಗಳು ಪತ್ನಿಯ ಖಾತೆಗೆ ಹಾಕುವಂತೆ ನಾವೇ ಕೋರಿದ್ದೆವು. ಕೈಗೆ ಬಂದ ದುಡ್ಡನ್ನು ಕೇಳಿದವರಿಗೆಲ್ಲ ಕೊಟ್ಟುಬಿಡುವ ಸ್ವಭಾವ ಅಪಘಾತದ ನಂತರ ಅವರಿಗೆ ಅಂಟಿಕೊಂಡಿತ್ತು, ಅದೂ ಆ ನೋಟ್‌ಬುಕ್ಕಿನಲ್ಲಿತ್ತು.