ಪಾಠದ ನಡುವೆ ಒಂದು ಲೋಟ ನೀರು

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ದಿನಕ್ಕೆ ಐದು ಪಿರಿಯಡ್, ಕೆಲವು ದಿನ ಆರು. ನಿಂತುಕೊಂಡೇ, ದನಿ ಏರಿಸಿ ಮಾತಾಡುವ ಕೆಲಸ. ಆದರೂ ಎಷ್ಟೋ ವರ್ಷ ಬೆಳಿಗ್ಗೆ ಮನೆ ಬಿಟ್ಟರೆ ಮಧ್ಯಾಹ್ನದ ಊಟದವರೆಗೆ ನೀರು ಮುಟ್ಟುತ್ತಿರಲಿಲ್ಲ. ಮರೆತು ಹೋಗಿ ಅಲ್ಲ, ಬೇಕೆಂದೇ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು. ಅದು ಕಟ್ಟಡದ ಆ ತುದಿಯಲ್ಲಿದೆ. ಪಿರಿಯಡ್‌ಗಳ ನಡುವೆ ಸಿಗುವುದು ಐದೇ ನಿಮಿಷ. ಸ್ಟಾಫ್ ರೂಮಿನಲ್ಲಿ ವಿಚಾರಿಸಿ ನೋಡಿದರೆ ಹೆಚ್ಚಿನ ಶಿಕ್ಷಕಿಯರು ಮಾಡುತ್ತಿದ್ದದ್ದೂ ಇದನ್ನೇ.

ಒಂದು ರಾತ್ರಿ ಬಲ ಪಕ್ಕೆಯಲ್ಲಿ ಶುರುವಾದ ನೋವು ತೊಡೆಸಂದಿನವರೆಗೆ ಇಳಿಯಿತು. ಕೂತರೂ ಆಗದು, ಮಲಗಿದರೂ ಆಗದು. ಸ್ಕ್ಯಾನ್ ಮಾಡಿದಾಗ ಮೂತ್ರನಾಳದಲ್ಲಿ 4 ಮಿಲಿಮೀಟರಿನ ಕಲ್ಲು ಕಂಡಿತು. ಕೆಲವು ದಿನಗಳಲ್ಲಿ ಅದು ತಾನಾಗಿಯೇ ಹೊರಬಿತ್ತು. ಆಮೇಲೆ ವೈದ್ಯರು 24 ಗಂಟೆಯ ಮೂತ್ರವನ್ನು ಒಂದು ಕ್ಯಾನಿನಲ್ಲಿ ಹಿಡಿದು ತರಲು ಹೇಳಿದರು. ಅಳೆದಾಗ ಇದ್ದದ್ದು 800 ಮಿಲಿಲೀಟರ್.

“ಇದು ಎರಡೂವರೆ ಲೀಟರ್ ಆಗಬೇಕು ಮೇಡಂ,” ಅಂದರು.

“ಅಂದ್ರೆ ದಿನಕ್ಕೆ ಎಷ್ಟು ಕುಡೀಬೇಕು ಡಾಕ್ಟ್ರೇ?”

“ಕುಡಿದದ್ದನ್ನ ಲೆಕ್ಕ ಹಾಕ್ಬೇಡಿ. ಹೊರಗೆ ಎಷ್ಟು ಬರ್ತಿದೆ, ಯಾವ ಬಣ್ಣದಲ್ಲಿ ಬರ್ತಿದೆ, ಅದನ್ನ ನೋಡ್ಕೊಳ್ಳಿ.”

ಮಕ್ಕಳಿಗೆ ನಾನೇ ಕಲಿಸುವ ಪಾಠ ಇದು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ, ಅದರಲ್ಲಿ ಒಂದೆರಡು ಲೀಟರ್ ಬಿಟ್ಟು ಉಳಿದದ್ದನ್ನೆಲ್ಲ ರಕ್ತಕ್ಕೆ ಮರಳಿಸುತ್ತವೆ. ನೀರು ಕಮ್ಮಿಯಾಯಿತೆಂದರೆ ಮಿದುಳಿನಿಂದ ವಾಸೊಪ್ರೆಸಿನ್ ಹಾರ್ಮೋನು ಬರುತ್ತದೆ, ಮೂತ್ರಪಿಂಡ ಇನ್ನಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಾಯಾರಿಕೆ ಗೊತ್ತಾಗುವುದಕ್ಕೆ ಮೊದಲೇ ಈ ಉಳಿತಾಯ ಶುರುವಾಗಿರುತ್ತದೆ. ಹೀಗೆ ಗಟ್ಟಿಯಾದ ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್‌ನಂಥ ವಸ್ತುಗಳು ಕರಗಿ ಉಳಿಯಲಾರದೆ ಹರಳುಗಟ್ಟುತ್ತವೆ, ಅದೇ ಕಲ್ಲಾಗುತ್ತದೆ. 1996ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಮೊದಲ ಸಲ ಕಲ್ಲಾದ 199 ಜನರನ್ನು ಎರಡು ಗುಂಪು ಮಾಡಿ ಐದು ವರ್ಷ ಗಮನಿಸಿದರು. ಹೆಚ್ಚು ನೀರು ಕುಡಿದವರಲ್ಲಿ ಶೇ. 12ರಷ್ಟು ಮಂದಿಗೆ ಮತ್ತೆ ಕಲ್ಲಾಯಿತು, ಉಳಿದವರಲ್ಲಿ ಶೇ. 27. ಆ ರಾತ್ರಿಯ ನೋವು ಅನುಭವಿಸಿದ ನನಗೆ ಈ ವ್ಯತ್ಯಾಸ ಸಣ್ಣದಾಗಿ ಕಾಣಲಿಲ್ಲ.

ಮೊದಲ ತಿಂಗಳು ತಪ್ಪು ಮಾಡಿದೆ. ಶಾಲೆಯಲ್ಲಿ ಹಳೆಯ ರೂಢಿಯೇ. ಮನೆಗೆ ಬಂದಮೇಲೆ ಬಾಕಿ ತೀರಿಸುವವಳ ಹಾಗೆ ಒಂದರ ಹಿಂದೊಂದು ಲೋಟ ಕುಡಿಯುತ್ತಿದ್ದೆ. ಎರಡು ಗಂಟೆ ಮೂತ್ರ ನೀರಿನಷ್ಟೇ ತಿಳಿ, ರಾತ್ರಿ ಮೂರು ಸಲ ಎಚ್ಚರ, ಮಾರನೆಯ ದಿನ ಮಧ್ಯಾಹ್ನ ನೋಡಿದರೆ ಮತ್ತೆ ಗಾಢ ಹಳದಿ. ದೇಹ ನೀರನ್ನು ನಾಳೆಗೆಂದು ಕೂಡಿಡುವುದಿಲ್ಲ. ಅಲ್ಲದೆ ಮೂತ್ರಪಿಂಡ ಗಂಟೆಗೆ ಹೊರಹಾಕಬಲ್ಲದ್ದು ಹೆಚ್ಚೆಂದರೆ ಒಂದು ಲೀಟರಿನಷ್ಟು. ಅದನ್ನು ಮೀರಿ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಅಪಾಯ ಆಗಬಹುದು.

ಹಾಗಾಗಿ ಬಾಟಲಿಯನ್ನು ಬಿಟ್ಟು ಶೌಚಾಲಯದ ಸಮಸ್ಯೆಯನ್ನೇ ಹಿಡಿದೆ. ಮುಖ್ಯೋಪಾಧ್ಯಾಯರ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ, ವೇಳಾಪಟ್ಟಿಯಲ್ಲಿ ಎರಡು ಪಾಠವಾದ ಮೇಲೆ ಒಂದು ಬಿಡುವು ಬರುವಂತೆ ಮಾಡಿಕೊಡಿ ಅಂದೆ. ಕೇಳುವಾಗ ಬಹಳ ಸಂಕೋಚವಾಯಿತು. ಆದರೆ ನಾನು ಮಾಡಿದ್ದರಲ್ಲೆಲ್ಲ ಹೆಚ್ಚು ಫಲ ಕೊಟ್ಟದ್ದು ಅದೊಂದೇ. ಹೋಗಿ ಬರಲು ಸಮಯವಿದೆ ಅನ್ನುವುದು ಖಾತ್ರಿಯಾದ ಮೇಲೆ ಕುಡಿಯಲು ಹೆದರಿಕೆ ಉಳಿಯಲಿಲ್ಲ.

ಈಗ ಎದ್ದ ಕೂಡಲೇ ಒಂದು ಲೋಟ, ಮನೆ ಬಿಡುವ ಮುಂಚೆ ಒಂದು. ಪ್ರತಿ ಪಾಠ ಮುಗಿದಾಗ, ಬೋರ್ಡ್ ಒರೆಸಿದ ಮೇಲೆ, ಅರ್ಧ ಲೀಟರಿನ ಬಾಟಲಿಯಿಂದ ಮೂರನೇ ಒಂದು ಪಾಲು. ಬೋರ್ಡ್ ಒರೆಸುವುದನ್ನು ಯಾವತ್ತೂ ಮರೆಯುವುದಿಲ್ಲವಾದ್ದರಿಂದ ನೀರೂ ಮರೆಯುವುದಿಲ್ಲ. ಫೋನಿನ ಅಲಾರಂ ಇಟ್ಟು ನೋಡಿದ್ದೆ, ನಾಲ್ಕೇ ದಿನಕ್ಕೆ ಅದರ ಸದ್ದು ಕಿವಿಗೆ ಬೀಳದಂತಾಯಿತು. ರಾತ್ರಿ ಎಂಟರ ನಂತರ ಗುಟುಕು ಗುಟುಕಾಗಿ ಮಾತ್ರ. ಮೊದಲ ಎರಡು ವಾರ ಪದೇಪದೇ ಹೋಗಬೇಕಾಯಿತು, ಆಮೇಲೆ ಒಂದು ಹದಕ್ಕೆ ಬಂತು.

ಬಣ್ಣ ನೋಡುವುದಾದರೆ ಬೆಳಗಿನ ಮೊದಲ ಮೂತ್ರವನ್ನು ಲೆಕ್ಕಕ್ಕೆ ಹಿಡಿಯಬೇಡಿ, ರಾತ್ರಿಯೆಲ್ಲ ಕುಡಿಯದೆ ಇದ್ದದ್ದರಿಂದ ಅದು ಗಾಢವಾಗಿಯೇ ಇರುತ್ತದೆ. ನಾನು ಮಧ್ಯಾಹ್ನದ ಹೊತ್ತಿಗೆ ನೋಡುತ್ತೇನೆ: ಒಣಹುಲ್ಲಿನಂತೆ ತೆಳು ಹಳದಿ ಇದ್ದರೆ ಸರಿ. ಬಿ ಕಾಂಪ್ಲೆಕ್ಸ್ ಮಾತ್ರೆ ತಿಂದ ದಿನ ಹೊಳೆಯುವ ಹಳದಿ ಬರುತ್ತದೆ, ಅದು ಮಾತ್ರೆಯಲ್ಲಿರುವ ಬಿ2 ವಿಟಮಿನ್, ಅಂದರೆ ರೈಬೋಫ್ಲೇವಿನ್‌ನ ಬಣ್ಣ.

ನನ್ನ ಲೆಕ್ಕ ಕಲ್ಲಾದವಳ ಲೆಕ್ಕ. ಎಲ್ಲರಿಗೂ ಅಷ್ಟು ಬೇಕಾಗಿಲ್ಲ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಹೇಳಿದ್ದು ಮಹಿಳೆಯರಿಗೆ ದಿನಕ್ಕೆ 2 ಲೀಟರ್, ಪುರುಷರಿಗೆ 2.5 ಲೀಟರ್, ಅದೂ ಊಟದಲ್ಲಿ ಸೇರುವ ನೀರು, ಕಾಫಿ, ಟೀ ಎಲ್ಲ ಸೇರಿ. ಸೆಕೆಯಲ್ಲಿ ದುಡಿಯುವವರಿಗೆ, ಮೊಲೆಯುಣಿಸುವ ತಾಯಂದಿರಿಗೆ ಇನ್ನೂ ಹೆಚ್ಚು ಬೇಕು. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರು ಹಾಕಿದ ಮಿತಿ ದಾಟಬಾರದು.

ಮನೆಯಲ್ಲಿ ಅಮ್ಮನಿಗೆ 74. “ಬಾಯಾರಿಲ್ಲ ಬಿಡೇ,” ಅನ್ನುತ್ತಾಳೆ. ವಯಸ್ಸಾದಂತೆ ಬಾಯಾರಿಕೆಯೇ ಮಂದವಾಗುತ್ತದೆ, ಹಾಗಾಗಿ ಆ ಮಾತನ್ನು ನಾನು ನಂಬುವುದಿಲ್ಲ. ಕೇಳುವುದನ್ನು ಬಿಟ್ಟು, ನಾನು ಕುಡಿಯುವಾಗ ಅವಳ ಕೈಗೂ ಸಣ್ಣ ಲೋಟ ಕೊಡುತ್ತೇನೆ.

ಒಂದು ವರ್ಷದ ನಂತರ ಮತ್ತೆ ಕ್ಯಾನ್ ಹಿಡಿದು ಹೋದೆ. 2.3 ಲೀಟರ್ ಇತ್ತು. ಪರೀಕ್ಷಾ ದಿನಗಳಲ್ಲಿ ಮೂರು ಗಂಟೆ ಕೊಠಡಿ ಬಿಡುವಂತಿಲ್ಲ, ಅವತ್ತು ಈಗಲೂ ಕಮ್ಮಿಯಾಗುತ್ತದೆ.

ನನ್ನ ತರಗತಿಯ ಹುಡುಗಿಯರೂ ಅದೇ ಕಾರಣಕ್ಕೆ ನೀರು ಕುಡಿಯುತ್ತಿರಲಿಲ್ಲ ಎಂಬುದು ತಿಳಿದದ್ದು ಇದೆಲ್ಲ ಆದಮೇಲೆ. ಯಾರಾದರೂ ಎದ್ದುನಿಂತು “ಮೇಡಂ, ಹೋಗಿ ಬರ್ಲಾ?” ಅಂದರೆ “ಪಿರಿಯಡ್ ಮುಗೀಲಿ” ಅನ್ನುತ್ತಿದ್ದವಳು ನಾನೇ. ಈಗ ಬಾಟಲಿ ಮೇಜಿನ ಮೇಲೇ ಇಟ್ಟುಕೊಳ್ಳಿ ಅಂದಿದ್ದೇನೆ. ಹೋಗಬೇಕೆನಿಸಿದವರು ಕೇಳದೆಯೇ ಎದ್ದು ಹೋಗಿ ಬರುತ್ತಾರೆ.