ಕೈತೋಟದಲ್ಲಿ ಹಾವು: ಯಾವುದು ಅಂತ ಗುರುತಿಸೋದು ಹೇಗೆ?

ಮಳೆ ಶುರುವಾದರೆ ಕೈತೋಟದಲ್ಲಿ ಹಾವು ಕಾಣಿಸುವುದು ಜಾಸ್ತಿ. ಬಿಲಕ್ಕೆ ನೀರು ನುಗ್ಗುತ್ತದೆ, ಕಪ್ಪೆಗಳು ಹೊರಬರುತ್ತವೆ, ಅವನ್ನು ಹುಡುಕಿಕೊಂಡು ಹಾವೂ ಬರುತ್ತದೆ. ಹೂಕುಂಡ ಸರಿಸುವಾಗಲೋ, ಬಿದ್ದ ತೆಂಗಿನ ಗರಿ ಎತ್ತುವಾಗಲೋ ಕಣ್ಣಿಗೆ ಬಿದ್ದರೆ ಎದೆ ಧಸಕ್ಕೆನ್ನುತ್ತದೆ. ಹೀಗೆ ಕಾಣಿಸುವ ಹಾವುಗಳಲ್ಲಿ ಹೆಚ್ಚಿನವು ನಮ್ಮ ಜೀವಕ್ಕೆ ಅಪಾಯ ಮಾಡುವಂಥವಲ್ಲ. ರಾಜ್ಯದಲ್ಲಿ ಊರು, ತೋಟ, ಗದ್ದೆ ಅನ್ನದೆ ಜನರ ಹತ್ತಿರವೇ ಬದುಕುವ, ಜೀವ ತೆಗೆಯುವಷ್ಟು ವಿಷವಿರುವ ಹಾವುಗಳು ಮುಖ್ಯವಾಗಿ ನಾಲ್ಕು: ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ. ಈ ನಾಲ್ಕನ್ನು, ಇವುಗಳ ಹಾಗೇ ಕಾಣುವ ಬೇರೆ ಹಾವುಗಳನ್ನು ತಿಳಿದುಕೊಂಡರೆ ಅರ್ಧ ಭಯ ಕಡಿಮೆಯಾಗುತ್ತದೆ.

ಮೊದಲು ದೂರ, ಆಮೇಲೆ ಹೆಸರು

ಹಾವು ಕಂಡ ಕೂಡಲೇ ಅಲ್ಲೇ ನಿಲ್ಲಿ. ನಿಧಾನವಾಗಿ ಹತ್ತು ಅಡಿ ಹಿಂದೆ ಸರಿಯಿರಿ. ಮಕ್ಕಳನ್ನು ಒಳಗೆ ಕಳಿಸಿ, ನಾಯಿಯನ್ನು ಕಟ್ಟಿಹಾಕಿ. ಹಾವು ನಮ್ಮನ್ನು ಅಟ್ಟಿಸಿಕೊಂಡು ಬರುವುದಿಲ್ಲ. ಅದಕ್ಕೆ ಬೇಕಾಗಿರುವುದು ತಪ್ಪಿಸಿಕೊಳ್ಳಲು ಒಂದು ದಾರಿ, ಅಷ್ಟೇ. ಕೋಲು ತೆಗೆದುಕೊಂಡು ಹೊಡೆಯಲು, ಹಿಡಿಯಲು ಹೋದಾಗಲೇ ಎಷ್ಟೋ ಜನ ಕಚ್ಚಿಸಿಕೊಳ್ಳುತ್ತಾರೆ.

ನಿಂತಲ್ಲಿಂದಲೇ ಮೊಬೈಲಿನಲ್ಲಿ ಜೂಮ್ ಮಾಡಿ ಎರಡು ಮೂರು ಫೋಟೊ ತೆಗೆಯಿರಿ. ತಲೆಗಿಂತ ಬೆನ್ನು ಸರಿಯಾಗಿ ಕಾಣುವುದು ಮುಖ್ಯ. ಹಾವು ಹಿಡಿಯುವವರಿಗೆ ವಾಟ್ಸಾಪ್ ಮಾಡಿದರೆ ಅವರು ನೋಡಿದ ತಕ್ಷಣ ಹೇಳಿಬಿಡುತ್ತಾರೆ. ಆದರೆ ಫೋಟೊಗೋಸ್ಕರ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ.

ತಲೆ, ಕಣ್ಣು ನೋಡಿ ತೀರ್ಮಾನ ಬೇಡ

ತಲೆ ತ್ರಿಕೋನವಾಗಿದ್ದರೆ ವಿಷದ ಹಾವು ಅಂತ ಬಹಳ ಜನ ನಂಬಿದ್ದಾರೆ. ಈ ನಂಬಿಕೆ ಅಪಾಯಕಾರಿ. ಮಂಡಲದ ಹಾವುಗಳಿಗೆ ತಲೆ ತ್ರಿಕೋನ ಅನ್ನುವುದು ನಿಜ. ಆದರೆ ಕಟ್ಟು ಹಾವಿನ ತಲೆ ಕುತ್ತಿಗೆಯಷ್ಟೇ ಸಣ್ಣದು, ನೋಡಲು ಪಾಪದ್ದು ಅನ್ನಿಸುತ್ತದೆ. ನಾಗರಹಾವು ಹೆಡೆ ಬಿಚ್ಚದಿದ್ದರೆ ಅದೂ ಹಾಗೇ. ಇನ್ನೊಂದು ಕಡೆ, ಮರದ ಮೇಲಿರುವ ಬೆಕ್ಕು ಹಾವಿಗೆ ತಲೆ ಅಗಲ, ಆದರೆ ಅದು ನಮಗೆ ಅಪಾಯ ಮಾಡುವುದಿಲ್ಲ. ಕಣ್ಣಿನ ಪಾಪೆ ಸೀಳಿದಂತಿದ್ದರೆ ವಿಷ ಅನ್ನುವುದೂ ಅಷ್ಟೇ. ನಾಗರ, ಕಟ್ಟು ಹಾವು ಎರಡಕ್ಕೂ ಪಾಪೆ ದುಂಡಗೆ. ಅಲ್ಲದೆ, ಪಾಪೆ ಕಾಣುವಷ್ಟು ಹತ್ತಿರ ಹೋಗಬೇಕಾದ ಲಕ್ಷಣ ಯಾರಿಗೆ ಬೇಕು, ಅಲ್ವಾ?

ಬಣ್ಣವನ್ನೂ ನೆಚ್ಚಿಕೊಳ್ಳಬೇಡಿ. ನಾಗರಹಾವು ಕಂದು, ಗೋಧಿ ಬಣ್ಣ, ಕಪ್ಪು ಹೀಗೆ ಹಲವು ಬಗೆಯಲ್ಲಿ ಇರುತ್ತದೆ. ನೋಡಬೇಕಾದ್ದು ಬೆನ್ನಿನ ಗುರುತು, ಹರಿಯುವ ರೀತಿ, ಸಿಕ್ಕಿದ ಜಾಗ, ಹೊತ್ತು. ಇವೆಲ್ಲವನ್ನೂ ಒಟ್ಟಿಗೆ ನೋಡಬೇಕು.

ಪಟ್ಟೆ ಇದ್ದರೆ: ಕಟ್ಟು ಹಾವೋ, ತೋಳ ಹಾವೋ?

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ್ದು ಇಲ್ಲಿ. ಹಾವು ಹಿಡಿಯುವವರು ಕ್ರೇಟ್ ಎಂದೂ ಕರೆಯುವ ಕಟ್ಟು ಹಾವು ಮಿರಿಮಿರಿ ಕಪ್ಪು, ಸ್ವಲ್ಪ ನೀಲಿ ಹೊಳಪು. ಮೈಮೇಲೆ ಸಣ್ಣ ಬಿಳಿ ಪಟ್ಟೆಗಳು ಜೋಡಿ ಜೋಡಿಯಾಗಿ ಇರುತ್ತವೆ. ತಲೆಯ ಹತ್ತಿರ ಪಟ್ಟೆ ಇರುವುದಿಲ್ಲ ಅಥವಾ ಮಾಸಿರುತ್ತದೆ, ಬಾಲದ ಕಡೆಗೆ ಹೋದಂತೆ ಎದ್ದು ಕಾಣುತ್ತದೆ. ತೋಳ ಹಾವಿನಲ್ಲಿ ಇದು ತಿರುಗುಮುರುಗು. ಅದರ ಮೈ ಸಾಮಾನ್ಯವಾಗಿ ಕಂದು. ಪಟ್ಟೆ ಕುತ್ತಿಗೆಯಿಂದಲೇ ಶುರುವಾಗುತ್ತದೆ, ಅಗಲವಾಗಿರುತ್ತದೆ, ಬಾಲದ ಹತ್ತಿರ ಮಾಸುತ್ತದೆ. ತೋಳ ಹಾವಿಗೆ ವಿಷವಿಲ್ಲ. ಗೋಡೆ ಹತ್ತಿ ಹಲ್ಲಿ ಹಿಡಿಯುತ್ತದೆ, ಹಾಗಾಗಿ ಮನೆಯೊಳಗೂ ಬರುತ್ತದೆ.

ಆದರೆ ಪಟ್ಟೆಯೇ ಕಾಣದ ಕಟ್ಟು ಹಾವುಗಳೂ ಉಂಟು. ಆದ್ದರಿಂದ ರಾತ್ರಿ ಹೊತ್ತು ಹೊಳೆಯುವ ಕಪ್ಪು ಹಾವು ಕಂಡರೆ, ಬೇರೆ ಅಂತ ಖಾತ್ರಿಯಾಗುವ ತನಕ ಕಟ್ಟು ಹಾವು ಅಂತಲೇ ಲೆಕ್ಕ ಹಾಕಿ. ಹಗಲು ಅದು ಬಿಲದಲ್ಲೋ, ಇಟ್ಟಿಗೆ ರಾಶಿಯಲ್ಲೋ ಸುಮ್ನೆ ಬಿದ್ದಿರುತ್ತದೆ. ರಾತ್ರಿ ಓಡಾಡುತ್ತದೆ. ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚುತ್ತದೆ. ಹಲ್ಲು ಸಣ್ಣವು, ನೋವು, ಊತ ಇರುವುದೇ ಕಡಿಮೆ. ಬೆಳಗ್ಗೆ ಎದ್ದಾಗ ಹೊಟ್ಟೆನೋವು, ರೆಪ್ಪೆ ಎತ್ತಲು ಆಗುತ್ತಿಲ್ಲ, ನಾಲಿಗೆ ತೊದಲುತ್ತಿದೆ ಅಂದರೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಓಡಬೇಕು.

ತರಗೆಲೆಯಲ್ಲಿ ಕಲೆಕಲೆ ಹಾವು

ಕೊಳಕುಮಂಡಲ ದಪ್ಪ, ಕಂದು. ಬೆನ್ನ ಮೇಲೆ ಮೂರು ಸಾಲು ದೊಡ್ಡ ಕಲೆ. ಒಂದೊಂದು ಕಲೆಗೂ ಕಪ್ಪು ಅಂಚು. ನಡುವಿನ ಸಾಲು ಸರಪಳಿ ಇಟ್ಟ ಹಾಗೆ ಕಾಣುತ್ತದೆ. ಒಣಗಿದ ಗರಿ, ಅಡಿಕೆ ಹಾಳೆ, ಹುಲ್ಲಿನ ನಡುವೆ ಇದ್ದರೆ ನೋಡುತ್ತಾ ನಿಂತರೂ ಕಾಣುವುದಿಲ್ಲ. ನಾವು ಹತ್ತಿರ ಬಂದರೂ ಓಡಿಹೋಗುವ ಸ್ವಭಾವ ಅದಕ್ಕಿಲ್ಲ, ಸುರುಳಿ ಸುತ್ತಿಕೊಂಡು ಪ್ರೆಷರ್ ಕುಕ್ಕರಿನ ಹಾಗೆ ಜೋರಾಗಿ ಬುಸುಗುಟ್ಟುತ್ತದೆ. ಆ ಸದ್ದು ಕೇಳಿದರೆ ಮುಂದೆ ಕಾಲಿಡಬೇಡಿ. ಇದು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಒಂದೇ ಸಲಕ್ಕೆ ಹತ್ತಾರು. ಮುಂಗಾರಿನ ಆಸುಪಾಸಿನಲ್ಲಿ ಗೇಣುದ್ದದ ಮರಿಗಳು ಕಾಣಿಸುತ್ತವೆ. ಹುಟ್ಟಿದ ದಿನದಿಂದಲೇ ಅವಕ್ಕೆ ವಿಷ ಇರುತ್ತದೆ. ಚಿಕ್ಕದು ಅಂತ ಸಸಾರ ಮಾಡಬೇಡಿ.

ಇದರ ಜೊತೆ ಜನ ಎರಡು ಹಾವುಗಳನ್ನು ಬೆರೆಸಿಬಿಡುತ್ತಾರೆ. ಒಂದು ಹೆಬ್ಬಾವಿನ ಮರಿ, ಇನ್ನೊಂದು ಮಣ್ಣುಮುಕ್ಕ. ಎರಡಕ್ಕೂ ವಿಷವಿಲ್ಲ. ಅವುಗಳ ಕಲೆಗಳು ಸಾಲಾಗಿ ಇರದೆ, ಅಡ್ಡಾದಿಡ್ಡಿಯಾಗಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಮಣ್ಣುಮುಕ್ಕದ ಬಾಲ ಗಿಡ್ಡ, ಕೊಳಕುಮಂಡಲದ ಬಾಲ ತೆಳ್ಳಗೆ ಚೂಪು. ಇಲ್ಲಿ ತಪ್ಪಿದರೆ ಜೀವಕ್ಕೇ ಕುತ್ತು. ಕೊಳಕುಮಂಡಲವನ್ನು ಹೆಬ್ಬಾವಿನ ಮರಿ ಅಂದುಕೊಂಡು ಕೈಯಲ್ಲಿ ಎತ್ತಿ ಕಚ್ಚಿಸಿಕೊಂಡವರು ಇದ್ದಾರೆ. ಕಲೆ ಇರುವ ದಪ್ಪ ಹಾವು ಯಾವುದೇ ಇರಲಿ, ದೂರದಿಂದಲೇ ನೋಡಿ.

ಗರಗಸ ಮಂಡಲ ಒಂದೂವರೆ ಅಡಿ ದಾಟುವುದು ಅಪರೂಪ. ಕಲ್ಲು, ಕುರುಚಲು ಇರುವ ಒಣ ಸೀಮೆ ಇದರ ಜಾಗ. ಕೆಣಕಿದರೆ ಮೈಯನ್ನು ಮೈಗೇ ಉಜ್ಜಿ ಕರಕರ ಸದ್ದು ಮಾಡುತ್ತದೆ.

ಉದ್ದ ಹಾವು ಸರಸರ ಓಡಿದರೆ

ಹಗಲು ಹೊತ್ತು, ಆರೇಳು ಅಡಿ ಉದ್ದ, ಕಂಡ ಕೂಡಲೇ ಬೇಲಿ ದಾಟಿ ಮಾಯ. ಹಾಗಿದ್ದರೆ ಅದು ಹೆಚ್ಚಾಗಿ ಕೇರೆ. ಕಣ್ಣು ದೊಡ್ಡದು, ತುಟಿಯ ಮೇಲೆ ಕಪ್ಪು ಗೀರುಗಳು. ನಾಗರಹಾವಿನ ಕಣ್ಣು ಚಿಕ್ಕದು, ತುಟಿಯಲ್ಲಿ ಇಂಥ ಸಾಲು ಗೀರು ಇರುವುದಿಲ್ಲ. ಮೂಲೆಗೆ ಸಿಕ್ಕಿದರೆ ನಾಗರ ಹೆಡೆ ಎತ್ತುತ್ತದೆ, ಕೇರೆಗೆ ಹೆಡೆ ಇಲ್ಲ. ಕೇರೆ ಮತ್ತು ನಾಗರ ಕೂಡುತ್ತವೆ ಅಂತ ಹಳ್ಳಿಗಳಲ್ಲಿ ಹೇಳುವುದುಂಟು. ಹೆಣೆದುಕೊಂಡು ಮೇಲೇಳುವ ಆ ಎರಡು ಹಾವುಗಳು ಸಾಮಾನ್ಯವಾಗಿ ಎರಡೂ ಗಂಡು ಕೇರೆಗಳೇ, ಬಲ ಪರೀಕ್ಷೆ ನಡೆಸುತ್ತಿರುತ್ತವೆ. ಕೇರೆ ಇಲಿ ತಿನ್ನುತ್ತದೆ. ಅದನ್ನು ಕೊಂದವರ ತೋಟದಲ್ಲಿ ಇಲಿ ಹೆಚ್ಚುತ್ತದೆ.

ನೀರಿನ ತೊಟ್ಟಿ, ಮೋರಿ ಹತ್ತಿರದ ಚೌಕುಳಿ ಗುರುತಿನ ನೀರೊಳ್ಳೆ ಸಿಟ್ಟಿನದು, ಬೇಗ ಕಚ್ಚುತ್ತದೆ, ಆದರೆ ವಿಷವಿಲ್ಲ. ಗಿಡದಲ್ಲಿ ಕಾಣುವ ತೆಳ್ಳನೆಯ ಹಸಿರು ಹಾವಿನ ವಿಷ ಬಹಳ ಸೌಮ್ಯ. ಅದು ಕಣ್ಣಿಗೆ ಕುಕ್ಕುತ್ತದೆ ಅನ್ನುವ ಮಾತು ಸುಳ್ಳು. ಕುಂಡದ ಮಣ್ಣಿನಲ್ಲಿ ಎರೆಹುಳು ಅಂದುಕೊಂಡದ್ದು ಹೊಳೆಯುತ್ತಾ ಚುರುಕಾಗಿ ಹರಿದರೆ ಅದು ಹುಳಹಾವು, ಇರುವೆ ಮೊಟ್ಟೆ, ಗೆದ್ದಲು ತಿಂದು ಬದುಕುವಂಥದು. ಮಲೆನಾಡಿನವರಿಗೆ ಮಾತ್ರ ಒಂದು ಮಾತು: ನಿಮ್ಮ ಕಡೆ ಕಾಳಿಂಗ ಸರ್ಪವೂ ಉಂಟು, ಗಿಡದ ಮೇಲೆ ಕೂರುವ ಹಸಿರು ಮಂಡಲಗಳೂ ಉಂಟು. ಹಸಿರು ಅಂದ ಮಾತ್ರಕ್ಕೆ ಕೈ ಹಾಕಬೇಡಿ.

ಪೊರೆ ಮಾತ್ರ ಸಿಕ್ಕಿದರೆ

ಪೊರೆಯನ್ನು ಬೆಳಕಿಗೆ ಹಿಡಿದು ನೋಡಿ. ಬೆನ್ನಿನ ನಡುವೆ ಆರು ಮೂಲೆಯ ದೊಡ್ಡ ಹುರುಪೆಗಳ ಒಂದು ಸಾಲು ಉದ್ದಕ್ಕೂ ಇದ್ದರೆ ಕಟ್ಟು ಹಾವು ಓಡಾಡಿರುವ ಸಾಧ್ಯತೆ ಇದೆ. ಒಂದೊಂದು ಹುರುಪೆಯ ನಡುವೆಯೂ ಎದ್ದ ಗೆರೆ ಇದ್ದು ಪೊರೆ ಒರಟಾಗಿದ್ದರೆ ಮಂಡಲ ಇರಬಹುದು, ನೀರೊಳ್ಳೆಯೂ ಇರಬಹುದು. ಪೊರೆ ಹರಿಯದಂತೆ ಕವರಿನಲ್ಲಿ ಹಾಕಿ ಬಲ್ಲವರಿಗೆ ತೋರಿಸಿ.

ಯಾವುದೂ ಗೊತ್ತಾಗದಿದ್ದರೆ

ವಿಷದ್ದೇ ಅಂತ ತಿಳಿದು ನಡೆದುಕೊಳ್ಳಿ. ಹಾವು ಬಯಲಿನಲ್ಲಿದ್ದು ಹೊರಗೆ ಹೋಗಲು ದಾರಿ ಇದ್ದರೆ ಬಿಟ್ಟುಬಿಡಿ, ಹೋಗುತ್ತದೆ. ಮನೆಯೊಳಗೆ ನುಗ್ಗಿದ್ದರೆ ಅಥವಾ ಬಲೆಗೆ ಸಿಕ್ಕಿಕೊಂಡಿದ್ದರೆ ಅರಣ್ಯ ಇಲಾಖೆಗೋ, ಪರಿಣತ ಹಾವು ರಕ್ಷಕರಿಗೋ ಫೋನ್ ಮಾಡಿ. ಅವರು ಬರುವ ತನಕ ಒಬ್ಬರು ದೂರದಿಂದ ಅದರ ಮೇಲೆ ಕಣ್ಣಿಟ್ಟಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಾಗರ, ಕೇರೆಯಂಥ ಹಾವುಗಳನ್ನು ಕೊಲ್ಲುವುದು ಅಪರಾಧವೂ ಹೌದು.

ಕಚ್ಚಿಬಿಟ್ಟರೆ

108ಕ್ಕೆ ಫೋನ್ ಮಾಡಿ, ಅಥವಾ ಸಿಕ್ಕ ಗಾಡಿಯಲ್ಲಿ ಹಾವಿನ ವಿಷಕ್ಕೆ ಔಷಧ ಇರುವ ಆಸ್ಪತ್ರೆಗೆ ಹೊರಡಿ. ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಕೈಕಾಲು ಅಲುಗಾಡದಿರಲಿ. ಉಂಗುರ, ಬಳೆ, ಕಾಲುಂಗುರ ತೆಗೆದುಬಿಡಿ, ಊದಿಕೊಂಡ ಮೇಲೆ ಬರುವುದಿಲ್ಲ. ಹಗ್ಗ ಬಿಗಿಯುವುದು, ಬ್ಲೇಡಿನಲ್ಲಿ ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಮಂತ್ರ, ನಾಟಿ ಮದ್ದು ಅಂತ ಕಳೆಯುವ ಒಂದೊಂದು ಗಂಟೆಯೂ ಜೀವಕ್ಕೆ ಎರವಾಗಬಹುದು.

ಹಾವನ್ನು ಹಿಡಿದು ಆಸ್ಪತ್ರೆಗೆ ತರಬೇಕಾಗಿಲ್ಲ. ನಮ್ಮಲ್ಲಿ ಸಿಗುವ ಔಷಧ ಈ ನಾಲ್ಕೂ ಹಾವಿನ ವಿಷಕ್ಕೆ ಒಂದೇ. ವೈದ್ಯರು ಲಕ್ಷಣ ನೋಡಿ, ರಕ್ತವನ್ನು 20 ನಿಮಿಷ ಗಾಜಿನ ಕೊಳವೆಯಲ್ಲಿಟ್ಟು ಹೆಪ್ಪುಗಟ್ಟುತ್ತದೆಯಾ ಅಂತ ನೋಡಿ ಚಿಕಿತ್ಸೆ ನಿರ್ಧರಿಸುತ್ತಾರೆ. ಮೊದಲೇ ತೆಗೆದ ಫೋಟೊ ಇದ್ದರೆ ತೋರಿಸಿ. ವಿಷವಿಲ್ಲದ ಹಾವು ಅನ್ನಿಸಿದರೂ ಒಮ್ಮೆ ಆಸ್ಪತ್ರೆಗೆ ಹೋಗಿಯೇ ಬನ್ನಿ. ನಿಮ್ಮ ಊರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಔಷಧ ಇದೆ ಅಂತ ಇವತ್ತೇ ವಿಚಾರಿಸಿ, ನಂಬರ್ ಬರೆದು ಗೋಡೆಗೆ ಅಂಟಿಸಿಡಿ.