ಪುಡಿಪುಡಿಯಾಗುವ ಖಾರ ಬಿಸ್ಕತ್ತು ಮನೆಯಲ್ಲೇ

ಮೈಸೂರಿನ ಅಯ್ಯಂಗಾರ್ ಬೇಕರಿಗಳ ಖಾರ ಬಿಸ್ಕತ್ತು ಬಾಯಿಗಿಟ್ಟರೆ ಪುಡಿಯಾಗುತ್ತದೆ. ಮನೆಯಲ್ಲಿ ಮಾಡಿದ್ದು ಎಷ್ಟೋ ಸಲ ಹಲ್ಲಿಗೆ ಸವಾಲು. ಸಾಮಾನು ಅದೇ, ಕೆಡುವುದು ಕಲಸುವಾಗ. ಚಪಾತಿ ಹಿಟ್ಟು ನಾದಿ ಅಭ್ಯಾಸವಾದ ಕೈ ಇದನ್ನೂ ನಾದುತ್ತದೆ. ನೀರಿನಂಶ ತಾಗಿದ ಮೈದಾವನ್ನು ನಾದಿದಷ್ಟೂ ಅದರಲ್ಲಿ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಎಳೆ ಕಟ್ಟುತ್ತದೆ, ಬಿಸ್ಕತ್ತು ಗಟ್ಟಿಯಾಗುತ್ತದೆ. ಮೊದಲು ಬೆಣ್ಣೆ ಹಿಟ್ಟಿಗೆ ಮೆತ್ತಿಕೊಂಡರೆ ಆ ಎಳೆ ಉದ್ದ ಬೆಳೆಯುವುದಿಲ್ಲ.

ಸುಮಾರು 24 ಬಿಸ್ಕತ್ತಿಗೆ 200 ಗ್ರಾಂ ಮೈದಾ, ಉಪ್ಪಿಲ್ಲದ ಬೆಣ್ಣೆ 100 ಗ್ರಾಂ, ಪುಡಿ ಸಕ್ಕರೆ 2 ದೊಡ್ಡ ಚಮಚ, ಉಪ್ಪು ಮುಕ್ಕಾಲು ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ ಟೀ ಚಮಚ, ಚಿಟಿಕೆ ಅಡುಗೆ ಸೋಡಾ, ಗಟ್ಟಿ ಮೊಸರು 2 ದೊಡ್ಡ ಚಮಚ ಬೇಕು. ಖಾರಕ್ಕೆ 3 ಹಸಿಮೆಣಸಿನಕಾಯಿ, ಎರಡು ಎಸಳು ಕರಿಬೇವು, ಸ್ವಲ್ಪ ಕೊತ್ತಂಬರಿ ಸೊಪ್ಪು. ಇವನ್ನು ತೊಳೆದು, ಬಟ್ಟೆಯಲ್ಲಿ ಪೂರ್ತಿ ಒರೆಸಿ, ಸಣ್ಣಗೆ ಹೆಚ್ಚಿ. ಮಿಕ್ಸಿಗೆ ಹಾಕಿದರೆ ರಸ ಬಿಟ್ಟು ಹಿಟ್ಟು ಅಂಟಾಗುತ್ತದೆ. ಸಕ್ಕರೆಯ ಬದಲು ಮಂಡ್ಯದ ಬೆಲ್ಲ ಹಾಕೋಣ ಅನ್ನಿಸಬಹುದು. ಇಲ್ಲಿ ಬೇಡ, ಬೆಲ್ಲ ತೇವ ಹೀರಿ ಬಿಸ್ಕತ್ತನ್ನು ಮೆತ್ತಗಾಗಿಸುತ್ತದೆ.

ಬೆಣ್ಣೆ ಫ್ರಿಜ್‌ನಿಂದ ಆಗ ತಾನೆ ತೆಗೆದದ್ದಾಗಿರಲಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗ್ಗೆ ಬೇಗ ಮಾಡುವುದೇ ಸರಿ, ಮಧ್ಯಾಹ್ನದ ಸೆಕೆಗೆ ಬೆಣ್ಣೆ ಕೈಯಲ್ಲೇ ಕರಗುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ತಣ್ಣೀರಲ್ಲಿ ತೊಳೆದು, ಮಜ್ಜಿಗೆ ಉಳಿಯದಂತೆ ಹಿಂಡಿ, ಆಮೇಲೆ ತೂಗಿ.

ಮೈದಾ, ಸಕ್ಕರೆ, ಉಪ್ಪು, ಬೇಕಿಂಗ್ ಪೌಡರ್, ಸೋಡಾ ಒಟ್ಟಿಗೆ ಜರಡಿ ಹಿಡಿಯಿರಿ. ಬೆಣ್ಣೆಯ ತುಂಡುಗಳನ್ನು ಹಾಕಿ, ಅಂಗೈ ತಾಗಿಸದೆ, ಬೆರಳ ತುದಿಯಲ್ಲಿ ಉಜ್ಜಿ. ದಪ್ಪ ರವೆಯ ಹಾಗಾದರೆ ಸಾಕು. ಹೆಚ್ಚಿದ ಮೆಣಸಿನಕಾಯಿ, ಸೊಪ್ಪು ಸೇರಿಸಿ, ಮೊಸರನ್ನು ಚಮಚ ಚಮಚವಾಗಿ ಹಾಕುತ್ತಾ ಒಟ್ಟುಗೂಡಿಸಿ. ಮುದ್ದೆಯಾದ ಕೂಡಲೇ ಕೈ ಬಿಡಿ. ಅಲ್ಲಲ್ಲಿ ಬಿರುಕು ಕಂಡರೂ ಪರವಾಗಿಲ್ಲ. ಮುಚ್ಚಿ 20 ನಿಮಿಷ ಫ್ರಿಜ್‌ನಲ್ಲಿಡಿ.

ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ 6 ಮಿ.ಮೀ. ದಪ್ಪಕ್ಕೆ ಲಟ್ಟಿಸಿ. ಒಣ ಹಿಟ್ಟು ಉದುರಿಸಿ ಲಟ್ಟಿಸಿದರೆ ಬಿಸ್ಕತ್ತು ಒರಟಾಗುತ್ತದೆ. 5 ಸೆಂ.ಮೀ. ಅಗಲದ ಬಿಲ್ಲೆ ಕತ್ತರಿಸಿ ಫೋರ್ಕ್‌ನಿಂದ ಚುಚ್ಚಿ. ಮೊದಲೇ ಕಾಯಿಸಿದ ಓವನ್‌ನಲ್ಲಿ 170 ಡಿಗ್ರಿ ಸೆಲ್ಸಿಯಸ್‌ನಲ್ಲಿ 18ರಿಂದ 22 ನಿಮಿಷ ಬೇಯಿಸಿ. ಅಂಚು ಹೊಂಬಣ್ಣಕ್ಕೆ ತಿರುಗಿದಾಗ ತೆಗೆಯಿರಿ. ಆಗ ಮೆತ್ತಗಿರುತ್ತದೆ, ಆರಿದ ಮೇಲೆಯೇ ಗರಿಗರಿ. ಗಟ್ಟಿಯಾಗಲೆಂದು ಒಳಗೇ ಬಿಟ್ಟರೆ ತಳ ಸೀಯುತ್ತದೆ.

ಬಿಸ್ಕತ್ತು ಹರಡಿ ಚಪ್ಪಟೆಯಾದರೆ ಬೆಣ್ಣೆ ಕರಗಿತ್ತು ಎಂದರ್ಥ. ಮೇಲೆ ಕಂದಾಗಿ ನಡುವೆ ಹಸಿಯಾಗಿದ್ದರೆ ಕಾವು ಹೆಚ್ಚು. ಸೋಪಿನಂಥ ರುಚಿ ಬಂದರೆ ಸೋಡಾ ಚಿಟಿಕೆ ಮೀರಿದೆ.

ಪೂರ್ತಿ ಆರದೆ ಡಬ್ಬಿಗೆ ತುಂಬಬೇಡಿ, ಹಬೆಗೆ ಮೆತ್ತಗಾಗುತ್ತವೆ. ಮಳೆಗಾಲದಲ್ಲಿ ಮೆತ್ತಗಾದವನ್ನು 150 ಡಿಗ್ರಿಯಲ್ಲಿ 5 ನಿಮಿಷ ಬಿಸಿ ಮಾಡಿ, ಆರಿಸಿ ತಿನ್ನಿ.